ಹೊಲದ ಬದಿಯ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಓದಲು ಹೊರಟವರಿಗೆ

ಮೊದಲು ಬಸ್ಸಿನ ವೇಳೆ ನೋಡಿಕೊಳ್ಳಿ, ಪಠ್ಯಕ್ರಮ ಆಮೇಲೆ. ಊರ ಹೊರಗೆ, ಹೊಲಗಳ ಪಕ್ಕದಲ್ಲಿರುವ ಸ್ನಾತಕೋತ್ತರ ಕೇಂದ್ರಕ್ಕೆ ಸೇರಲು ಹೊರಟವರಿಗೆ ನಾನು ಹೇಳುವ ಮೊದಲ ಮಾತು ಇದು. ಬೆಳಗಿನ ಮೊದಲ ತರಗತಿಗೆ ಮುಟ್ಟಿಸುವ ಬಸ್ ಯಾವುದು, ಅದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಗ್ರಂಥಾಲಯ ಮುಚ್ಚುವವರೆಗೆ ಕುಳಿತರೆ ಮನೆಗೆ ಮರಳಲು ಬಸ್ ಇದೆಯೋ ಇಲ್ಲವೋ, ಈ ಮೂರು ಗೊತ್ತಾದ ಮೇಲೆ ಅರ್ಜಿ ತುಂಬಿ. ನನ್ನ ಜೊತೆ ಸೇರಿದ ಇಬ್ಬರು ಮೊದಲ ಸೆಮಿಸ್ಟರಿನಲ್ಲೇ ಬಿಟ್ಟುಹೋದರು. ಇಬ್ಬರೂ ಓದಿನಲ್ಲಿ ನನಗಿಂತ ಮುಂದಿದ್ದವರು. ಅವರ ಊರಿಗೆ ಸಂಜೆ ಐದರ ಮೇಲೆ ಬಸ್ ಇರಲಿಲ್ಲ.

ನಾನು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನವಳು. ಮನೆಯಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಅಪ್ಪ ಮಾವಿನ ಸಸಿಗೆ ಕಸಿ ಕಟ್ಟುವ ಕೆಲಸ ಮಾಡುತ್ತಾರೆ. ಎರಡು ವರ್ಷ ದಿನವೂ ಎರಡು ಬಸ್ ಹತ್ತಿ ಇಳಿದು ಕನ್ನಡ ಎಂ.ಎ. ಮುಗಿಸಿದೆ. ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬಿ.ಎ. ಕೊನೆಯ ವರ್ಷದ ಮಕ್ಕಳು ಪ್ರತಿ ವರ್ಷ ಬಂದು ಕೇಳುತ್ತಾರೆ: "ಮೇಡಂ, ಬೆಂಗಳೂರಿಗೆ ಕಳಿಸಲು ಮನೆಯಲ್ಲಿ ಆಗುವುದಿಲ್ಲ. ಇಲ್ಲೇ ಓದಿದರೆ ವಿದ್ಯೆ ಹತ್ತುತ್ತದೆಯೇ?" ಹತ್ತುತ್ತದೆ. ಹೇಗೆ ಓದಿದರೆ ಹತ್ತುತ್ತದೆ ಎನ್ನುವುದನ್ನು ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ. ಕನ್ನಡ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರೂ ಇತಿಹಾಸ, ಸಮಾಜಶಾಸ್ತ್ರದವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಸೇರುವ ಮುನ್ನ

ತುಮಕೂರು ಕಡೆಯವರಿಗೆ 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾಲಯ ಇದೆ. ನಗರದ ಆಚೆ ಬಿದರಕಟ್ಟೆಯಲ್ಲಿ ಅದರ ಹೊಸ ಆವರಣ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ 2017ರಲ್ಲಿ ಕೆಲಸ ಆರಂಭಿಸಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಆಡಳಿತ ಕಚೇರಿ ಕೋಲಾರದ ಟಮಕದಲ್ಲಿ, ಸ್ನಾತಕೋತ್ತರ ಕೇಂದ್ರ ಮಂಗಸಂದ್ರದಲ್ಲಿ. ಕೆಲವು ಪದವಿ ಕಾಲೇಜುಗಳಲ್ಲೂ ಎಂ.ಎ. ತರಗತಿಗಳಿವೆ. ಪ್ರವೇಶದ ಅರ್ಜಿ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಇರುವ ಯುಯುಸಿಎಂಎಸ್ ಜಾಲತಾಣದಲ್ಲಿ, ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಕೊಟ್ಟಿರಿ. ಪ್ರವೇಶ ಶುರುವಾದ ಮೇಲೆ ಅಲ್ಲಿ ಸಾಲು ಬೆಳೆಯುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನನ್ನು ಒಂದು ವರ್ಷ ಕಾಡಿತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ನನ್ನ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು, ಆಧಾರಿನಲ್ಲಿ ಮುಂದೆ. ಅಷ್ಟಕ್ಕೇ ಮೊದಲ ವರ್ಷದ ವಿದ್ಯಾರ್ಥಿವೇತನ ನಿಂತುಹೋಯಿತು. ಆ ವರ್ಷದ ಪುಸ್ತಕಗಳಿಗೆ ಅಮ್ಮ ಎರಡು ಕುರಿ ಮಾರಿದರು.

ಓಡಾಟದ ಖರ್ಚಿನ ಮಟ್ಟಿಗೆ ಹುಡುಗಿಯರಿಗೆ ಈಗ ನಮ್ಮ ಕಾಲಕ್ಕಿಂತ ಅನುಕೂಲ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಆದರೆ ಖಾಸಗಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ, ನಮ್ಮ ಕಡೆಯ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ. ಆದ್ದರಿಂದ ನಿಮ್ಮ ಊರಿನ ಮುಂದೆ ಹಾಯುವ ಸರ್ಕಾರಿ ಬಸ್ ಯಾವುದು ಎಂದು ಚಹಾದಂಗಡಿಯವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಕಂಟ್ರೋಲರಿಗೂ ಗೊತ್ತಿರುವುದಿಲ್ಲ. ಹುಡುಗರು ಪಾಸ್ ಮಾಡಿಸಿಕೊಳ್ಳಬೇಕು. ಒಂದು ಕಡೆಯ ಪ್ರಯಾಣವೇ ಒಂದೂವರೆ ಗಂಟೆ ಮೀರಿದರೆ ಹಾಸ್ಟೆಲ್ ಹಿಡಿಯುವುದು ಒಳ್ಳೆಯದು. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಎರಡರದ್ದೂ ಹಾಸ್ಟೆಲುಗಳಿವೆ, ಅರ್ಜಿ ಆನ್‌ಲೈನಿನಲ್ಲಿ. ಮನೆಯವರು ಹುಡುಗಿಯನ್ನು ಹಾಸ್ಟೆಲಿಗೆ ಕಳಿಸಲು ಹಿಂಜರಿದರೆ, ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿ ವಾರ್ಡನ್ ಜೊತೆ ಮಾತನಾಡಿಸಿ. ನನ್ನ ಇಬ್ಬರು ವಿದ್ಯಾರ್ಥಿನಿಯರ ಓದು ಉಳಿದದ್ದು ಹಾಗೆ.

ಮೊದಲ ವಾರ ಗ್ರಂಥಾಲಯದಲ್ಲಿ

ಚಿಕ್ಕ ಕೇಂದ್ರದ ಗ್ರಂಥಾಲಯವೂ ಚಿಕ್ಕದು. ಅದನ್ನೇ ಉಪಯೋಗಕ್ಕೆ ತಂದುಕೊಳ್ಳಿ. ದೊಡ್ಡ ಗ್ರಂಥಾಲಯದಲ್ಲಿ ಯಾವ ಪುಸ್ತಕ ಎಲ್ಲಿದೆ ಎಂದು ಎರಡು ವರ್ಷವಾದರೂ ತಿಳಿಯುವುದಿಲ್ಲ. ಇಲ್ಲಿ ಒಂದು ವಾರ ಸಾಕು. ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಕಪಾಟಿನಿಂದ ಕಪಾಟಿಗೆ ಹೋಗಿ, ನಿಮ್ಮ ವಿಷಯದ ಪ್ರತಿ ಪುಸ್ತಕದ ಹೆಸರು, ಬರೆದವರು ಅಥವಾ ಸಂಪಾದಿಸಿದವರು, ಎಷ್ಟನೆಯ ಮುದ್ರಣ ಎಂದು ಬರೆದುಕೊಳ್ಳಿ. ಪುಸ್ತಕ ತೆಗೆದು ಪರಿವಿಡಿ ಮತ್ತು ಮುನ್ನುಡಿ ಮಾತ್ರ ಓದಿ ಮತ್ತೆ ಅಲ್ಲೇ ಇಡಿ. ಹಳೆಯ ಕಾವ್ಯಗಳ ವಿಶ್ವವಿದ್ಯಾಲಯ ಪ್ರಸಾರಾಂಗದ ಆವೃತ್ತಿಗಳು ಸಾಮಾನ್ಯವಾಗಿ ಕೆಳಗಿನ ಅರೆಯಲ್ಲಿ ಧೂಳು ಹಿಡಿದು ಕುಳಿತಿರುತ್ತವೆ. ಮೇಲಿನ ಅರೆಯಲ್ಲಿ ಗೈಡುಗಳು. ಬಗ್ಗಿ ತೆಗೆಯಿರಿ.

ನಾನು ಹೀಗೆ ಪಟ್ಟಿ ಮಾಡುತ್ತಿದ್ದಾಗ ಗ್ರಂಥಪಾಲಕರು ಮೂರನೆಯ ದಿನ ಹತ್ತಿರ ಬಂದು, ಏನಮ್ಮ ಹುಡುಕುತ್ತಿದ್ದೀಯ ಎಂದರು. ವಿಷಯ ತಿಳಿದ ಮೇಲೆ ಒಳಗಿನ ಕೋಣೆಯ ಬೀಗ ತೆಗೆದು, ಇನ್ನೂ ನೋಂದಣಿಯಾಗದ ಎರಡು ಗೋಣಿಚೀಲ ಪುಸ್ತಕ ತೋರಿಸಿದರು. ನಿವೃತ್ತರಾದ ಒಬ್ಬ ಮೇಷ್ಟ್ರ ಮನೆಯಿಂದ ದಾನವಾಗಿ ಬಂದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟಿನಲ್ಲಿ ಐದು ಸಂಪುಟ ಅದರಲ್ಲೇ ಇದ್ದವು. ಎರಡು ಮಧ್ಯಾಹ್ನ ಕುಳಿತು ಅವರಿಗೆ ನೋಂದಣಿ ಪುಸ್ತಕ ಬರೆದುಕೊಟ್ಟೆ. ಆಮೇಲೆ ಎರಡು ವರ್ಷ ನನಗೆ ಯಾವ ಪುಸ್ತಕವೂ ಇಲ್ಲ ಎಂದಾಗಲಿಲ್ಲ.

ಇಲ್ಲದ ಪುಸ್ತಕಗಳಿಗೆ ದಾರಿಗಳಿವೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಗಟ್ಟಲೆ ಇವೆ. 1894ರ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟೂ ಅಲ್ಲಿ ಸಿಗುತ್ತದೆ. ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ವಚನ ಸಂಚಯ ಜಾಲತಾಣ ಇದೆ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ. ಇಂಗ್ಲಿಷ್ ಪದಕ್ಕೆ ಕನ್ನಡ, ಕನ್ನಡಕ್ಕೆ ಇಂಗ್ಲಿಷ್ ಬೇಕಾದಾಗ ಅಲರ್ ಮತ್ತು ಭಾರತವಾಣಿ ಎಂಬ ಆನ್‌ಲೈನ್ ನಿಘಂಟುಗಳು. ಕ್ಯಾಂಪಸ್ಸಿನ ವೈಫೈ ಇರುವಾಗಲೇ ಇಳಿಸಿಟ್ಟುಕೊಳ್ಳಿ, ಊರಿಗೆ ಹೋದರೆ ಸಿಗ್ನಲ್ ನೀರಿನ ಟ್ಯಾಂಕಿನ ಮೇಲೆ ಮಾತ್ರ. ಎರಡು ತಿಂಗಳಿಗೊಂದು ಶನಿವಾರ ಬೆಂಗಳೂರಿಗೆ ಹೋಗಿ ಬನ್ನಿ: ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು. ಏನು ನೋಡಬೇಕು ಎಂದು ಪಟ್ಟಿ ಬರೆದುಕೊಂಡು ಹೋದರೆ ಮಾತ್ರ ಆ ದಿನ ಸಾರ್ಥಕ. ಪುಸ್ತಕ ಕೊಳ್ಳುವುದಿದ್ದರೆ ನವೆಂಬರಿನ ರಾಜ್ಯೋತ್ಸವದ ರಿಯಾಯಿತಿಗೆ ಕಾಯಿರಿ.

ಹಳಗನ್ನಡ ಮತ್ತು ಮನೆಮಾತು

ಎಂ.ಎ.ಗೆ ಸೇರಿದವರಲ್ಲಿ ಮುಕ್ಕಾಲು ಪಾಲು ಮಂದಿ ಹೆದರುವುದು ಹಳಗನ್ನಡಕ್ಕೆ. ಹೆದರಿ ಗೈಡ್ ಕೊಳ್ಳುತ್ತಾರೆ, ಸಾರಾಂಶ ಬಾಯಿಪಾಠ ಮಾಡುತ್ತಾರೆ, ಅಂಕ ಬರುತ್ತದೆ, ಪದ್ಯ ಮಾತ್ರ ಎರಡು ವರ್ಷವಾದರೂ ಬಾಯಿ ಬಿಡುವುದಿಲ್ಲ. ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಒಂದು ಪದ್ಯವನ್ನು ಸಾಲಿಗೆ ಸಾಲು ಬಿಟ್ಟು ಕೈಯಲ್ಲಿ ಬರೆದುಕೊಳ್ಳಿ. ಮೂರು ಸಲ ಗಟ್ಟಿಯಾಗಿ ಓದಿ. ಸಂಧಿಯಾದ ಕಡೆಗಳಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ ಪದ ಬಿಡಿಸಿ. ಆಮೇಲೆ ಕ್ರಿಯಾಪದ ಹುಡುಕಿ. ಅದು ಸಿಕ್ಕಿದರೆ ಯಾರು, ಯಾರನ್ನು, ಏತರಿಂದ ಎನ್ನುವುದು ಒಂದೊಂದಾಗಿ ಬಂದು ಸೇರುತ್ತದೆ. ಗೊತ್ತಿಲ್ಲದ ಪದಗಳ ಅರ್ಥವನ್ನು ಮೊದಲು ನೀವೇ ಊಹಿಸಿ ಅಂಚಿನಲ್ಲಿ ಬರೆಯಿರಿ, ನಿಘಂಟು ಕೊನೆಗೆ. ಕಂದಪದ್ಯವಾದರೆ ಮಾತ್ರೆ ಎಣಿಸಿ: ಒಂದು, ಮೂರನೆಯ ಸಾಲಿಗೆ ಹನ್ನೆರಡು, ಎರಡು, ನಾಲ್ಕನೆಯ ಸಾಲಿಗೆ ಇಪ್ಪತ್ತು. ಎಣಿಕೆ ತಪ್ಪಿದರೆ ನೀವು ಪದ ಬಿಡಿಸಿದ್ದು ಅಥವಾ ಬರೆದುಕೊಂಡಿದ್ದು ತಪ್ಪಿದೆ ಎಂದು ಪದ್ಯವೇ ಹೇಳುತ್ತದೆ. ನಾನು ಬಸ್ಸಿನಲ್ಲಿ ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದೆ, ಹೋಗುವಾಗ ಒಂದು ಪದ್ಯ, ಬರುವಾಗ ಒಂದು. ಪಕ್ಕದಲ್ಲಿ ಕೂರುತ್ತಿದ್ದ ಹೂವಿನ ಅಜ್ಜಿ ಜಪವೆಂದುಕೊಂಡು ಮಾತನಾಡಿಸುತ್ತಿರಲಿಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ನನ್ನಷ್ಟಕ್ಕೆ ತಿಳಿಯುವ ಹೊತ್ತಿಗೆ ಎರಡನೆಯ ಸೆಮಿಸ್ಟರ್ ಮುಗಿಯುತ್ತಿತ್ತು. ಮನೆಯಲ್ಲಿ ತೆಲುಗು ಆಡುವವರೆಂದು, ಕನ್ನಡದಲ್ಲಿ ತೆಲುಗಿನ ರಾಗ ಬರುತ್ತದೆಂದು ನಾವು ತರಗತಿಯಲ್ಲಿ ಬಾಯಿ ಮುಚ್ಚಿ ಕೂರುತ್ತೇವೆ. ನನ್ನನ್ನೂ ಶಾಲೆಯಲ್ಲಿ ಆಡಿಕೊಂಡಿದ್ದರು. ಆದರೆ ಹಳಗನ್ನಡದ ಪಾಲ್ ಎಂದರೆ ಹಾಲು, ಪುಲಿ ಎಂದರೆ ಹುಲಿ, ಪೂ ಎಂದರೆ ಹೂವು ಎಂದು ಬೇರೆಯವರು ಪಟ್ಟಿ ಮಾಡಿ ಉರುಹೊಡೆಯುವಾಗ, ನಮ್ಮ ಅಡುಗೆಮನೆಯಲ್ಲಿ ಇವತ್ತಿಗೂ ಪಾಲು ಕಾಯುತ್ತಿದೆ, ಪೂವು ಕಟ್ಟುತ್ತಿದ್ದಾರೆ. ಕನ್ನಡದಲ್ಲಿ ಹಕಾರವಾದ ಪಕಾರ ತೆಲುಗಿನಲ್ಲೂ ತಮಿಳಿನಲ್ಲೂ ಹಾಗೇ ಉಳಿದಿದೆ.

ಇದಕ್ಕಿಂತ ಚೆಂದದ್ದು ೞಕಾರದ ಕಥೆ. ಹಳಗನ್ನಡದಲ್ಲಿ ಳ ಬೇರೆ, ೞ ಬೇರೆ. ಕಾಲಾಂತರದಲ್ಲಿ ಎರಡೂ ಳ ಆಗಿಬಿಟ್ಟವು. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನೇ ರೞ (ೞ), ಕುಳ (ಕನ್ನಡದ್ದೇ ಆದ ಳ), ಕ್ಷಳ (ಸಂಸ್ಕೃತದ ಲಕಾರದಿಂದ ಬಂದ ಳ) ಎಂದು ಬೇರೆಬೇರೆಯಾಗಿ ವಿಂಗಡಿಸಿ ಹೇಳಬೇಕಾಯಿತು ಎಂದರೆ ಆಗಲೇ ಜನ ಗೊಂದಲಪಡುತ್ತಿದ್ದಿರಬೇಕು. ಯಾವ ಪದದಲ್ಲಿ ಯಾವುದಿತ್ತು ಎಂದು ಈಗ ತಿಳಿಯುವುದು ಹೇಗೆ? ನನ್ನ ಬೆಂಚಿನಲ್ಲಿ ಕೆಜಿಎಫ್‌ನ ಗೆಳತಿ ಇದ್ದಳು, ಗಣಿ ಕಾರ್ಮಿಕರ ಮನೆಯ ಹುಡುಗಿ, ಮನೆಮಾತು ತಮಿಳು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತು ನಾನು "ಕೋಳಿ" ಎಂದೆ. ಅವಳು ನಾಲಿಗೆ ಮಡಚಿ "ಕೋೞಿ" ಎಂದಳು. ನಮ್ಮ ಮನೆಯ ತೆಲುಗಿನಲ್ಲಿ ಅದು "ಕೋಡಿ". ಏಳು ಎಂದೆ, ಅವಳದ್ದು ಏೞು, ನಮ್ಮ ಮನೆಯದ್ದು ಏಡು. ಮಳೆ ಎಂದೆ, ಅವಳದ್ದು ಮೞೈ. ಕೊಳ ಎಂದಾಗ ಮಾತ್ರ ಅವಳು "ಕುಳಂ" ಎಂದು ನಮ್ಮ ಳಕಾರವನ್ನೇ ಹೇಳಿದಳು. ಹಾಗಾದರೆ ಕೊಳದ್ದು ಮೊದಲಿನಿಂದಲೂ ಳ, ಕೋಳಿಯದ್ದು ೞ. ಡಬ್ಬಿಯ ಮುಚ್ಚಳದ ಮೇಲೆ ಇಬ್ಬರೂ ಮೂವತ್ತು ಪದ ಬರೆದೆವು, ತರಗತಿಗೆ ಹೋಗುವುದು ತಡವಾಯಿತು, ಮೇಷ್ಟ್ರು ಕಾರಣ ಕೇಳಿ ಆ ದಿನದ ಪಾಠವನ್ನೇ ಬಿಟ್ಟು ಅದನ್ನೇ ಕಪ್ಪುಹಲಗೆಯ ಮೇಲೆ ಬರೆಸಿದರು.

ಆದ್ದರಿಂದ ಸೇರಿದ ಮೊದಲ ತಿಂಗಳಲ್ಲೇ ನಿಮ್ಮ ತರಗತಿಯಲ್ಲಿ ಯಾರ ಮನೆಮಾತು ಏನು ಎಂದು ಕೇಳಿ ತಿಳಿದುಕೊಳ್ಳಿ. ಲಂಬಾಣಿ, ಉರ್ದು, ತಮಿಳು, ತೆಲುಗು ಯಾವುದೇ ಇರಲಿ, ಅವರ ಪಕ್ಕ ಕುಳಿತು ಓದಿ.

ಊರಿನ ಕಲ್ಲು

ಇತಿಹಾಸವಾಗಲಿ ಕನ್ನಡವಾಗಲಿ, ಶಾಸನದ ಪತ್ರಿಕೆ ಇದ್ದೇ ಇರುತ್ತದೆ. ಅದನ್ನು ಪುಸ್ತಕದಲ್ಲಿ ಮಾತ್ರ ಓದಿ ಮುಗಿಸುವುದು ಕೋಲಾರದ ಮಕ್ಕಳಿಗೆ ನಷ್ಟ. ಕುವಳಾಲ ಎಂದು ಕರೆಸಿಕೊಂಡ ಈ ಊರು ಗಂಗರದ್ದು. ಕುವಳಾಲಪುರವರೇಶ್ವರ, ನಂದಗಿರಿನಾಥ ಎಂದು ಅವರು ಬಿರುದು ಹೇಳಿಕೊಳ್ಳುತ್ತಿದ್ದರು. ಆಮೇಲೆ ನೊಳಂಬರು ಆವನಿಯಲ್ಲಿ ದೇವಾಲಯ ಕಟ್ಟಿಸಿದರು, ಚೋಳರು ಬಂದು ಕೋಲಾರಮ್ಮನ ಗುಡಿಯಲ್ಲಿ ತಮಿಳಿನಲ್ಲಿ ಬರೆಸಿದರು. ನಿಮ್ಮ ಊರ ಕೆರೆ ಏರಿಯ ಮೇಲೋ ಹುಣಸೆಮರದ ಕೆಳಗೋ ಒಂದು ವೀರಗಲ್ಲು ಇರುವ ಸಂಭವ ಬಹಳ.

ಮೊದಲು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 10ನೆಯ ಸಂಪುಟ ಇಳಿಸಿಕೊಳ್ಳಿ. 1905ರಲ್ಲಿ ಬಂದ ಕೋಲಾರ ಜಿಲ್ಲೆಯ ಸಂಪುಟ ಅದು. ತುಮಕೂರಿನವರಿಗೆ 12ನೆಯದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗೌರಿಬಿದನೂರಿನವರೂ ಕೋಲಾರದ ಸಂಪುಟದಲ್ಲೇ ಹುಡುಕಬೇಕು. ಬಂಗಾರಪೇಟೆಯವರು ಬೌರಿಂಗ್‌ಪೇಟೆ ಎಂಬ ಹೆಸರಿನ ಕೆಳಗೆ ನೋಡಿ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ನಿಮ್ಮ ಊರಿನ ಹೆಸರು, ಸುತ್ತಲ ಐದಾರು ಊರುಗಳ ಹೆಸರು ಗುರುತಿಸಿಕೊಳ್ಳಿ. ಕಾಲವನ್ನು ಶಕವರ್ಷದಲ್ಲಿ ಹೇಳಿದ್ದರೆ ಅದಕ್ಕೆ 78 ಸೇರಿಸಿದರೆ ನಮ್ಮ ಕ್ರಿಸ್ತಶಕ ಸಿಗುತ್ತದೆ: ಶಕ 820 ಎಂದರೆ 898ರ ಸುಮಾರು.

ಕಲ್ಲಿನ ಹತ್ತಿರ ಹೋಗುವಾಗ ಊರ ಹಿರಿಯರೊಬ್ಬರನ್ನು ಕೇಳಿಯೇ ಹೋಗಿ, ಚಪ್ಪಲಿ ದೂರ ಬಿಡಿ. ಓದುವವರಿಗೆ ಅದು ಶಾಸನ, ಊರವರಿಗೆ ಅದು ದೇವರು. ಕುಂಕುಮ, ಎಣ್ಣೆ ಹಚ್ಚಿದ್ದರೆ ಕೆರೆಯಬೇಡಿ. ಬರೀ ಧೂಳು, ಪಾಚಿ ಇದ್ದರೆ ನೀರು ಹಾಕಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ತಂತಿಯ ಬ್ರಷ್, ಆಸಿಡ್, ಸುಣ್ಣ ಯಾವುದೂ ಬೇಡ; ಸೀಮೆಸುಣ್ಣದಿಂದ ಅಕ್ಷರ ತೀಡುವುದೂ ಬೇಡ, ನಾವು ತಪ್ಪಾಗಿ ತೀಡಿದ್ದನ್ನೇ ಮುಂದಿನವರು ಅಕ್ಷರವೆಂದು ಓದುತ್ತಾರೆ. ಬೆಳಕು ಅಡ್ಡಲಾಗಿ ಬೀಳಬೇಕು. ನಡುಹಗಲಿನಲ್ಲಿ ಏನೂ ಕಾಣುವುದಿಲ್ಲ. ಸೂರ್ಯ ಇಳಿಯುವ ಹೊತ್ತು, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ. ಓದುವ ಮೊದಲು ಚಿತ್ರ ಬರೆಯುವಂತೆ ಅಕ್ಷರಗಳನ್ನು ಇದ್ದ ಹಾಗೆ ಬರೆದುಕೊಳ್ಳಿ. ಓದಿಕೊಂಡು ಬರೆದರೆ ಮನಸ್ಸಿನಲ್ಲಿರುವುದು ಕೈಗೆ ಬಂದುಬಿಡುತ್ತದೆ. ಮ ಯಾವುದು, ವ ಯಾವುದು ಎಂಬ ತೊಳಲಾಟ ಎಲ್ಲರಿಗೂ ಆಗುತ್ತದೆ.

ನಮ್ಮೂರ ಕೆರೆಕೋಡಿಯ ಪಕ್ಕದ ಕಲ್ಲನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಒಬ್ಬ ಬಿಲ್ಲು ಹಿಡಿದವನು, ಕಾಲ ಬಳಿ ಸಾಲಾಗಿ ಏನೋ ಉಬ್ಬುಗಳು. ಆ ಕಾರ್ತಿಕದ ಸಂಜೆ ನಾಲ್ಕೂವರೆಗೆ ಬಿಸಿಲು ಮಗ್ಗುಲಿನಿಂದ ಬಿದ್ದಾಗ ಉಬ್ಬುಗಳಿಗೆ ಕೊಂಬು ಕಂಡಿತು: ಐದು ದನಗಳ ತಲೆ, ಒಂದರ ಹಿಂದೆ ಒಂದು. ಅಂಚಿನಲ್ಲಿ ಅಕ್ಷರಗಳಿವೆ ಎಂದು ಆವರೆಗೆ ನನಗೆ ಗೊತ್ತೇ ಇರಲಿಲ್ಲ. ಒಂದು ಗಂಟೆಯಲ್ಲಿ ದಕ್ಕಿದ್ದು ನಾಲ್ಕೇ: ತು, ಱು, ಗೊ, ಳ್. ತುಱುಗೊಳ್, ದನ ಹೊಡೆದೊಯ್ಯುವ ಕಾಳಗ. ತರಗತಿಯಲ್ಲಿ ಪರೀಕ್ಷೆಗೆಂದು ಬರೆದುಕೊಂಡಿದ್ದ ಪದ ನಮ್ಮ ಕೆರೆಯ ಮೇಲೆ ಸಾವಿರ ವರ್ಷದಿಂದ ನಿಂತಿತ್ತು. ಹಿಂದಿನಿಂದ ಅಪ್ಪ ಬಂದು, ಕತ್ತಲಾಯಿತು ಬಾ ಎಂದವರು, ದನದ ತಲೆ ತೋರಿಸಿದ ಮೇಲೆ ತಾವೇ ಟಾರ್ಚ್ ಹಿಡಿದು ನಿಂತರು.

ಹಿರಿಯರನ್ನು ಕೇಳುವುದು

ಜಾನಪದದ ಪತ್ರಿಕೆಗೆ ಹಾಡು, ಕಥೆ ಸಂಗ್ರಹಿಸಿ ತರಲು ಹೇಳುತ್ತಾರೆ. ಎಷ್ಟೋ ಮಂದಿ ಮುದ್ರಿತ ಸಂಗ್ರಹದಿಂದ ನಕಲು ಮಾಡಿ ಕೊಡುತ್ತಾರೆ. ಅಜ್ಜಿ ಮನೆಯಲ್ಲೇ ಇರುವಾಗ ಇದು ತಪ್ಪು.

ಹಾಡಿಗೆ ಹೊತ್ತಿದೆ, ಕಾಲವಿದೆ. ನಾನು ಪಕ್ಕದ ಮನೆಯ ಅಜ್ಜಿಯನ್ನು ಮಳೆರಾಯನ ಪದ ಹೇಳಿಕೊಡಿ ಎಂದು ಕೇಳಿದ್ದು ಒಳ್ಳೆಯ ಮಳೆಯ ವರ್ಷದಲ್ಲಿ. "ಮಳೆ ಹಿಡಿದಿರುವಾಗ ಅವನನ್ನು ಕರೆಯಬಾರದು ಮಗಳೇ, ಬರ ಬಂದಾಗ ಕೇಳು" ಎಂದರು. ಸೆಮಿಸ್ಟರ್ ಮುಗಿಯುತ್ತಿದೆ ಎಂದು ಗೋಗರೆದೆ, ಅವರು ಒಪ್ಪಲಿಲ್ಲ. ಎರಡು ವರ್ಷ ಬಿಟ್ಟು ಮಳೆ ಕೈಕೊಟ್ಟಾಗ ಹುಡುಗರು ಹಲಗೆಯ ಮೇಲೆ ಮಣ್ಣಿನ ಮಳೆರಾಯನನ್ನು ಕೂರಿಸಿ ಹೊತ್ತು ತಂದರು, ಮನೆಯವರು ನೀರು ಸುರಿದರು, ಅಜ್ಜಿ ಹೊಸ್ತಿಲಲ್ಲಿ ಕುಳಿತು ಹಾಡಿದರು. ಆ ಹೊತ್ತಿಗೆ ನಡುವಿನ ಎರಡು ನುಡಿ ಅವರಿಗೆ ಮರೆತಿತ್ತು. ಆದ್ದರಿಂದ ಸೇರಿದ ವರ್ಷವೇ ಪಂಚಾಂಗ ನೋಡಿಕೊಂಡು ಯಾವ ಹಬ್ಬಕ್ಕೆ, ಯಾವ ಕೆಲಸಕ್ಕೆ ಯಾವ ಪದ ಎಂದು ಪಟ್ಟಿ ಮಾಡಿ. ಧ್ವನಿಮುದ್ರಣದ ಆರಂಭದಲ್ಲೇ ಹೇಳುವವರ ಹೆಸರು, ಊರು, ದಿನಾಂಕವನ್ನು ಬಾಯಲ್ಲಿ ಹೇಳಿ, ಅವರ ಒಪ್ಪಿಗೆಯನ್ನೂ ಅದರಲ್ಲೇ ಹಿಡಿಯಿರಿ. ಅದೇ ರಾತ್ರಿ ಇನ್ನೊಂದು ಕಡೆ ನಕಲು ಇಟ್ಟುಕೊಳ್ಳಿ. ತೆಲುಗಿನ ಹಾಡಾದರೆ ಕನ್ನಡ ಲಿಪಿಯಲ್ಲಿ ಇದ್ದ ಹಾಗೆ ಬರೆಯಿರಿ, ಕನ್ನಡಕ್ಕೆ ತಿರುಗಿಸಿ ಮೂಲ ಎಸೆಯಬೇಡಿ.

ಕಿರುಪ್ರಬಂಧದ ವಿಷಯವನ್ನೂ ಹೀಗೆಯೇ ಹತ್ತಿರದಲ್ಲಿ ಹುಡುಕಿ. ಶಿಡ್ಲಘಟ್ಟದ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ರೇಷ್ಮೆಯ ಪದಗಳನ್ನು ಕೂಡಿಸಿದ. ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ, ನಾಲ್ಕು ಜ್ವರ ಎದ್ದ ಮೇಲೆ ಹುಳು ಹಣ್ಣಾಗುತ್ತದೆ, ಹಣ್ಣಾದದ್ದನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟಿಗೆ, ಬಿಡುತ್ತಾರೆ. ಅವನ ತಾಯಿಗೆ ಇದೆಲ್ಲ ದಿನದ ಮಾತು. ಪರೀಕ್ಷಕರು ಪುಟ ಪುಟವನ್ನೂ ನಿಲ್ಲಿಸಿ ಓದಿದರು. 2001ರ ಫೆಬ್ರುವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಗಳ ಬದುಕು ಏನಾಯಿತು, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರತೊಡಗಿದ ಮೇಲೆ ಕೆರೆಯ ಬಗ್ಗೆ ಜನರ ಮಾತು ಹೇಗೆ ಬದಲಾಯಿತು, ಇವೆಲ್ಲ ಸಮಾಜಶಾಸ್ತ್ರದವರಿಗೆ ಕಾದಿರುವ ವಿಷಯಗಳು. ಶೋಧಗಂಗಾದಿಂದ ಪ್ಯಾರಾ ಎತ್ತಿ ಅಂಟಿಸುವುದಕ್ಕಿಂತ ಹತ್ತು ಪುಟ ಸ್ವಂತದ್ದು ಮೇಲು.

ಮೇಷ್ಟ್ರ ಹತ್ತಿರ ಹೋಗುವುದು, ಇಂಗ್ಲಿಷ್, ಪರೀಕ್ಷೆ

ನನ್ನ ತರಗತಿಯಲ್ಲಿ ಹದಿನಾಲ್ಕು ಜನ. ಚಿಕ್ಕ ಕ್ಯಾಂಪಸ್ಸಿನಲ್ಲಿ ಸಿಗುವ ನಿಜವಾದ ಸಂಪತ್ತು ಇದೇ, ಮೇಷ್ಟ್ರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಆದರೆ ತಾವಾಗಿ ಕರೆದು ಹೇಳಿಕೊಡುವಷ್ಟು ಬಿಡುವು ಅವರಿಗಿರುವುದಿಲ್ಲ. ನೀವೇ ಹೋಗಿ, "ಸರ್, ವಾರಕ್ಕೆ ಒಂದು ಪುಟ ಬರೆದು ತರುತ್ತೇನೆ, ತಿದ್ದಿಕೊಡುತ್ತೀರಾ" ಎಂದು ಕೇಳಿ. ಒಂದೇ ಪುಟ, ದುಂಡಗೆ ಬರೆದು, ಹೇಳಿದ ದಿನವೇ. ಮೂರನೆಯ ವಾರವೂ ತಪ್ಪದೆ ತಂದಿರಿ ಎಂದರೆ ನಾಲ್ಕನೆಯ ವಾರದಿಂದ ಅವರು ಕಾಯುತ್ತಾರೆ. ನನ್ನ ವಾಕ್ಯ ನೆಟ್ಟಗಾದದ್ದು ಹೀಗೆ ಬಿದ್ದ ಕೆಂಪು ಶಾಯಿಯಿಂದ. ಅತಿಥಿ ಉಪನ್ಯಾಸಕರು ನಿಮ್ಮ ಬಸ್ಸಿನಲ್ಲೇ ಬರುತ್ತಾರೆ, ಎರಡು ಕಾಲೇಜಿಗೆ ಓಡಾಡುತ್ತಿರುತ್ತಾರೆ. ಆ ಪ್ರಯಾಣದಲ್ಲೂ ಕೇಳಬಹುದು, ಅವರು ಕಣ್ಣು ಮುಚ್ಚಿದ್ದರೆ ಮಾತ್ರ ಬಿಟ್ಟುಬಿಡಿ.

ಇಂಗ್ಲಿಷಿನಿಂದ ತಪ್ಪಿಸಿಕೊಳ್ಳಬೇಡಿ. ದಿನಕ್ಕೆ ಒಂದು ಪ್ಯಾರಾ ಓದಿ ಕನ್ನಡದಲ್ಲಿ ಬರೆಯಿರಿ. ಮೊದಲ ಎರಡು ತಿಂಗಳು ಕಷ್ಟ, ಆಮೇಲೆ ಅಭ್ಯಾಸ.

ಕಾಲೇಜು ಉಪನ್ಯಾಸಕರಾಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್‌ಗೆ ಮೂರು ಗಂಟೆ: ಮೊದಲ ಪತ್ರಿಕೆ ಎಲ್ಲರಿಗೂ ಒಂದೇ, 50 ಪ್ರಶ್ನೆ, 100 ಅಂಕ, ಎರಡನೆಯದು ನಿಮ್ಮ ವಿಷಯ, 100 ಪ್ರಶ್ನೆ, 200 ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ಕನ್ನಡ ವಿಷಯದ ಪತ್ರಿಕೆ ಕನ್ನಡದಲ್ಲೇ ಇರುತ್ತದೆ. ಇತಿಹಾಸ, ಸಮಾಜಶಾಸ್ತ್ರದವರಿಗೆ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಹತ್ತಿರದ ದಾರಿ, ಅಲ್ಲಿ ಪ್ರಶ್ನೆ ಕನ್ನಡದಲ್ಲೂ ಸಿಗುತ್ತದೆ. ಎಂ.ಎ.ಯಲ್ಲಿ ಶೇ 55 ಬೇಕು, ಮೀಸಲಾತಿಯವರಿಗೆ ಶೇ 50. ನಮ್ಮ ಹುಡುಗರು ಮುಗ್ಗರಿಸುವುದು ಮೊದಲ ಪತ್ರಿಕೆಯಲ್ಲಿ. ಎರಡನೆಯ ಸೆಮಿಸ್ಟರಿನಿಂದಲೇ ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಕೆಲಸದ ಬಗ್ಗೆ ಸುಳ್ಳು ಹೇಳಲಾರೆ. ಅತಿಥಿ ಉಪನ್ಯಾಸಕರ ಗೌರವಧನ ತಿಂಗಳು ತಿಂಗಳು ಸರಿಯಾಗಿ ಬರುವುದಿಲ್ಲ, ಕಾಯಂ ನೇಮಕಾತಿಗೆ ವರ್ಷಗಟ್ಟಲೆ ಕಾಯಬೇಕು. ಜೊತೆಗೆ ಬಿ.ಇಡಿ. ಮಾಡಿಕೊಂಡವರು, ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾದವರು, ಪತ್ರಿಕೆ ಸೇರಿದವರು ನನ್ನ ಹದಿನಾಲ್ಕು ಜನರಲ್ಲೇ ಇದ್ದಾರೆ.

ಅರ್ಜಿ ತುಂಬುವ ಮೊದಲು ಒಂದು ದಿನ ಹೋಗಿ ಬನ್ನಿ. ಭಾನುವಾರ ಬೇಡ, ತರಗತಿ ನಡೆಯುವ ಮಂಗಳವಾರವೋ ಬುಧವಾರವೋ. ನೀವು ದಿನವೂ ಹಿಡಿಯಬೇಕಾದ ಬಸ್ಸನ್ನೇ ಹಿಡಿಯಿರಿ. ಅನುಮತಿ ಕೇಳಿ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿ. ಗ್ರಂಥಾಲಯದಲ್ಲಿ ಒಂದು ಗಂಟೆ ಇರಿ, ಕುಡಿಯುವ ನೀರು ಎಲ್ಲಿದೆ, ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತದೆಯೇ ನೋಡಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬರ ಜೊತೆ ಕುಳಿತು ಊಟ ಮಾಡಿ, ಯಾವ ಮೇಷ್ಟ್ರು ಚೆನ್ನಾಗಿ ಓದಿಸುತ್ತಾರೆ ಎಂದು ಅವರೇ ಹೇಳುತ್ತಾರೆ. ಸಂಜೆ ಕೊನೆಯ ಬಸ್ಸಿಗೇ ಮರಳಿ, ಅದು ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಟ್ಟುಕೊಳ್ಳಿ.